ತಂಗೆವ್ವನ ತಪ್ಪಲೆ

ಕಥೆ ಹೇಳುವುದರಲ್ಲಿ ಕುಮಾರಸ್ವಾಮಿ ಲೇಔಟಿನಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲೇ ಇರಬೇಕು, ನನ್ನ ಹೆಸರು ಕೇಳಿದರೆ ಬಾಯಿಂದ ಹಾಲಿನ ಬಾಟ್ಲಿ ಜಾರಬೇಕು. ಸುಮ್ಮನೆ ಕೊಚ್ಚಿಕೊಳ್ಳುತ್ತಿಲ್ಲ. ಸೋಮಲಿಂಗಪ್ಪನವರ ಮನೆಯಲ್ಲಿ ಆರು ವಾರ ನಡೆದದ್ದೇನು ಎಂಬುದು ಡಾಕ್ಟರಿಗೆ ತಿಳಿಯಲಿಲ್ಲ. ಎದುರುಮನೆಯ ಕಿಟಕಿಯಲ್ಲೇ ಸಂಸಾರ ಹೂಡಿರುವ ಕಮಲಾದೇವಿಗೂ ತಿಳಿಯಲಿಲ್ಲ. ನನಗೆ ಗೊತ್ತು. ಆ ಮನೆಯಲ್ಲಿ ಯಾರು ಯಾವಾಗ ಕೆಮ್ಮಿದರು ಎಂಬುದರಿಂದ ಹಿಡಿದು, ಕೊನೆಗೆ ಒಬ್ಬಳು ಹುಡುಗಿ ಎಂಟ್ರಿ ಕೊಟ್ಟು ಆ ಮನೆಯನ್ನು ಹೇಗೆ ಉಳಿಸಿದಳು ಎಂಬುದರವರೆಗೆ ಎಲ್ಲ ಗೊತ್ತು. ಒಂದು ಹನಿ ಸುಳ್ಳು ಸೇರಿಸುವುದಿಲ್ಲ. ಸೀಟಿನ ತುದಿಗೆ ಬನ್ನಿ. ಶಿಳ್ಳೆ ಆಮೇಲೆ ಹೊಡೆಯಿರಿ.

ಶುರುವಾದದ್ದು ಒಂದು ಶನಿವಾರ. ಬಸವಲಿಂಗಮ್ಮ ನಡುಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಅಡುಗೆಮನೆಯ ಅಟ್ಟದಿಂದ ದಢಾರ್ ಎಂದು ಏನೋ ಉರುಳಿದ ಸದ್ದು ಕೇಳಿತು. ಆ ಸದ್ದು ಅವರಿಗೆ ಗೊತ್ತಿತ್ತು. ಸೊಪ್ಪಿನ ಕಂತೆ ಅಲ್ಲೇ ಬಿಟ್ಟು ಎದ್ದರು.

ಏಣಿಯ ಮೇಲೆ ಸೊಸೆ ಸಂಗೀತಾ ನಿಂತಿದ್ದಳು. ಅತ್ತೆಯದೇ ಹಳೆಯ ವಾಯಿಲ್ ಸೀರೆ, ಜಯನಗರದ ಟೈಲರ್ ಹತ್ತಿರ ಹೊಲಿಸಿದ ಬುಗ್ಗೆ ತೋಳಿನ ರವಿಕೆ, ಎರಡು ಜಡೆ, ಜಡೆಗೆ ರಿಬ್ಬನ್ನು. ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಬಿಟಿಎಂನ ಕಂಪನಿಯೊಂದರ ಕೆಲಸ ಮಾಡುವವಳು, ಮಿಕ್ಕ ದಿನ ಹೀಗೆ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತಿದ್ದಳು. ಅವಳ ಕೈಯಲ್ಲಿ ಕಪ್ಪಿಟ್ಟ ದೊಡ್ಡ ಹಿತ್ತಾಳೆ ತಪ್ಪಲೆ. ಕೆಳಗೆ ಅದನ್ನು ಹಿಡಿಯಲು ನಾದಿನಿ ಸಿರಿ, ಡಿಗ್ರಿ ಎರಡನೇ ವರ್ಷದವಳು, ಎರಡೂ ಕೈ ಎತ್ತಿ ನಿಂತಿದ್ದಳು.

"ಅತ್ತೆ, ನೋಡಿ! ನಿಧಿ ಸಿಕ್ತು! ಅಂಚಲ್ಲಿ ಹೆಸರು ಬೇರೆ ಕೊರೆಸಿದ್ದಾರೆ. ತಂಗೆವ್ವ, ಸಾವಿರದೊಂಬೈನೂರ ಅರವತ್ತೊಂದು."

"ಅದನ್ನ ಇಳಿಸ್ಬೇಡ. ವಾಪಸ್ ಇಡು."

"ಯಾಕತ್ತೆ? ಇಂಥದ್ದು ಈಗ ಅಂಗಡೀಲಿ ಕೇಳಿದ್ರೆ ಜೀವ ತೆಗೀತಾರೆ."

"ಇದೂ ತೆಗೆದಿತ್ತು. ನಂದು."

ಸಿರಿ ತಪ್ಪಲೆಯನ್ನು ತಲೆಯ ಮೇಲಿಟ್ಟುಕೊಂಡು ಗಂಟಲು ಗಡುಸು ಮಾಡಿದಳು. "ತಂಗೆವ್ವ ರಿಟರ್ನ್ಸ್! ಮೂವತ್ತು ವರ್ಷ ಅಟ್ಟದಲ್ಲಿ ಕೂತಿದ್ದು ನಿದ್ದೆ ಮಾಡೋಕಲ್ಲ ಕಣೋ, ಲೆಕ್ಕ ಚುಕ್ತಾ ಮಾಡೋಕೆ!"

ಸಂಗೀತಾ ಏಣಿ ಅಲುಗಾಡುವಷ್ಟು ನಕ್ಕಳು. ಬಸವಲಿಂಗಮ್ಮ ನಗಲಿಲ್ಲ.

ತಂಗೆವ್ವ ಅವರ ಅತ್ತೆ. ದಾವಣಗೆರೆಯ ಮನೆಯಲ್ಲಿ ದಿನಾ ನಾಲ್ಕು ಗಂಟೆಗೆ ಎಬ್ಬಿಸಿ, ಹುಣಸೆಹಣ್ಣು ಬೂದಿ ಕೊಟ್ಟು, ಆ ತಪ್ಪಲೆಯನ್ನು ಉಜ್ಜಿಸುತ್ತಿದ್ದ ಹೆಂಗಸು. ಎಲ್ಲಾದರೂ ಕಪ್ಪು ಚುಕ್ಕೆ ಉಳಿದರೆ ಸೊಸೆಗೆ ಮಧ್ಯಾಹ್ನದ ರೊಟ್ಟಿ ಇಲ್ಲ. ಬಸವಲಿಂಗಮ್ಮನ ಬಲಗೈ ಹೆಬ್ಬೆರಳ ಉಗುರು ಇವತ್ತಿಗೂ ನೆಟ್ಟಗೆ ಬೆಳೆಯುವುದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ, ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಹಳೇ ಸೀರೆ ಕೊಟ್ಟು ಒಂದೊಂದಾಗಿ ಸ್ಟೀಲ್ ಪಾತ್ರೆ ಕೂಡಿಸಿದ್ದು.

ಈ ಸೀರೆಯ ಸಂಗತಿ ಹಿಂದೊಮ್ಮೆ ಕೇಳಿದಾಗ ಸಂಗೀತಾ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಅಯ್ಯೋ, ಎಷ್ಟು ಒಳ್ಳೊಳ್ಳೇ ಸೀರೆ ಹೋಯ್ತೋ!"

ಹಾಗೆಂದು ಅವಳು ಕೆಟ್ಟವಳಲ್ಲ. ಎಂಟನೇ ವಯಸ್ಸಿಗೆ ತಾಯಿ ತೀರಿಕೊಂಡು ಹಾಸ್ಟೆಲಿನಲ್ಲಿ ಬೆಳೆದವಳು, ಅಜ್ಜಿ ಅಂದರೆ ಏನೆಂದು ಕಂಡವಳಲ್ಲ. ಮಗಳಿಗೆ ನೀಲಾಂಬಿಕೆ ಎಂದು ಹೆಸರಿಟ್ಟು, ಒರಳು, ಮರದ ಚೌಕಟ್ಟಿನ ರೇಡಿಯೋ, ಲಾಟೀನು ಎಲ್ಲ ತಂದು ಜೋಡಿಸಿ, 'ಸಂಗೀತಾಳ ಅಜ್ಜಿಮನೆ' ಎಂದು ವಿಡಿಯೋ ಹಾಕುತ್ತಿದ್ದಳು. ಐದು ವರ್ಷದ ನೀಲು ಲಂಗ ರವಿಕೆ ಹಾಕಿಕೊಂಡು ಹಿಂದೆ ಮುಂದೆ ಓಡಾಡುತ್ತಿದ್ದಳು. ಮನೆ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ.

ಭಾನುವಾರ ಬೆಳಿಗ್ಗೆ ಬಸವಲಿಂಗಮ್ಮ ಕುಕ್ಕರ್ ಹುಡುಕಿದರು. ಸಿಗಲಿಲ್ಲ. ಸ್ಟೀಲ್ ಡಬ್ಬಿ, ಸ್ಟೀಲ್ ಪಾತ್ರೆ, ಯಾವುದೂ ಇಲ್ಲ.

"ಎಲ್ಲ ಅಟ್ಟಕ್ಕಿಟ್ಟೆ ಅತ್ತೆ. ಫ್ರೇಮಲ್ಲಿ ಸ್ಟೀಲ್ ಬಂದ್ರೆ ಹಳೇ ಕಾಲ ಅನ್ನಿಸಲ್ಲ."

"ಮೂವತ್ತು ವರ್ಷದ ಸಂಸಾರ ಕಣೇ ಅದು!"

"ಆಂಟಿಕ್ ಅಲ್ವಲ್ಲ ಅತ್ತೆ."

ಮಗ ಮಹಾಂತೇಶ್ ಪೇಪರಿನ ಹಿಂದಿನಿಂದ ಹೇಳಿದ, "ಅಮ್ಮ, ಅವಳ ಖುಷಿಗೆ ಬಿಡು."

ಬಸವಲಿಂಗಮ್ಮ ಹೊಸ್ತಿಲ ಮೇಲೆ ನಿಂತರು. "ಸರಿ. ತಂಗೆವ್ವನ ತಪ್ಪಲೆ ಆ ಒಲೆ ಮೇಲೆ ಇರೋವರೆಗೂ ನಾನು ಈ ಹೊಸ್ತಿಲು ದಾಟಲ್ಲ. ಆದ್ರೆ ಒಂದು ಮಾತು. ಅದಕ್ಕೆ ಕಲಾಯಿ ಹಾಕಿಸದೆ ಇಡ್ಬೇಡ. ಒಳಗೆ ತವರ ಬಳಿಸ್ದೇ ಹಿತ್ತಾಳೇಲಿ ಹುಳಿ ಬೇಯಿಸಿದ್ರೆ ಕಿಲುಬು ಏಳುತ್ತೆ. ವಿಷ ಅದು. ಬನಶಂಕರಿ ಗುಡಿ ಹಿಂದೆ ಯಲ್ಲಯ್ಯ ಅಂತ ಕೂರ್ತಾನಂತೆ. ಸಿರಿ, ನಾಳೆ ನೀನೇ ತಗೊಂಡ್ಹೋಗು."

"ಅಮ್ಮ ಹೇಳಿದ್ಮೇಲೆ ಮುಗೀತು. ಈ ತಪ್ಪಲೆಗೆ ಎರಡೇ ದಾರಿ, ಒಂದು ಯಲ್ಲಯ್ಯ, ಇನ್ನೊಂದು ಯಮಯ್ಯ!"

ಸಿರಿ ಶುಕ್ರವಾರ ಹೋದಳು. ಅರಳಿಮರದ ಬುಡದಲ್ಲಿ ಯಲ್ಲಯ್ಯ ಕೂತಿದ್ದ. ಎಪ್ಪತ್ತು ದಾಟಿದ ಮುದುಕ, ಹೊಗೆ ಕುಡಿದು ಬಲಗಣ್ಣು ಕೆಂಪಾಗಿತ್ತು. ತಪ್ಪಲೆಯನ್ನು ಕೆಂಡದ ಮೇಲೆ ಕಾಯಿಸಿ, ತಿದಿ ಒತ್ತಿ, ನವಸಾಗರದ ಪುಡಿ ಎರಚಿದ. ಭುಸ್ಸೆಂದು ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದೇ ಸುತ್ತು ಒರೆಸಿದ, ಒಳಗೆಲ್ಲ ಬೆಳ್ಳಿ. "ಕಲಾಯಿ ಹೋದ ಪಾತ್ರೆ, ಮರ್ಯಾದೆ ಹೋದ ಮನೆ, ಎರಡೂ ಒಂದೇ ಕಣಮ್ಮ," ಎಂದ. ಸಂಜೆ ಸಿರಿ ತಪ್ಪಲೆಗೆ ಮುಚ್ಚಳ ಮುಚ್ಚಿ ಸ್ಕೂಟಿಯಲ್ಲಿಟ್ಟು ತಂದಳು.

"ಒಳಗೆ ಬೆಳ್ಳಗಾಯ್ತೇನೇ?" ಬಸವಲಿಂಗಮ್ಮ ನಡುಮನೆಯಿಂದಲೇ ಕೇಳಿದರು.

"ಚಂದ್ರ ಇಳಿದು ಸ್ನಾನ ಮಾಡ್ಬೇಕು, ಅಷ್ಟು ಬೆಳ್ಳಗೆ."

ಅಂದಿನಿಂದ ಬಸವಲಿಂಗಮ್ಮ ಹಿಂದಿನ ಬಾಲ್ಕನಿಯಲ್ಲಿ ಕರೆಂಟ್ ಒಲೆ ಇಟ್ಟುಕೊಂಡು ತಮಗೊಬ್ಬರಿಗೆ ಅನ್ನ ಮಾಡಿಕೊಂಡರು. ಮಜ್ಜಿಗೆ, ಚಟ್ನಿಪುಡಿ, ಒಂದು ಜೋಳದ ರೊಟ್ಟಿ. ಗಂಡ ಸೋಮಲಿಂಗಪ್ಪ, ವಿದ್ಯುತ್ ಇಲಾಖೆಯಿಂದ ರಿಟೈರ್ ಆದವರು, ಒಂದು ಕಣ್ಣು ಹೆಂಡತಿಯ ತಟ್ಟೆಯ ಮೇಲೆ, ಇನ್ನೊಂದು ತಪ್ಪಲೆಯ ಮೇಲೆ.

"ಬಸವಿ, ಹಠ ಬಿಟ್ಟು ಒಂದು ಸೌಟು ಬಡಿಸ್ಕೋ. ನಮ್ಮವ್ವನ ಕೈ ರುಚಿ ಇದೆ."

"ನಿಮ್ಮವ್ವನ ಕೈ ರುಚಿ ನನ್ನ ಬೆನ್ನಿಗೆ ಗೊತ್ತು. ನೀವು ಉಣ್ಣಿ."

ಸಂಗೀತಾ ಭಾನುವಾರಕ್ಕೆ ಒಂದು ನಿಯಮ ಮಾಡಿದ್ದಳು: ಫ್ರಿಡ್ಜ್ ಬಂದ್. ತಪ್ಪಲೆ ತುಂಬ ಹುಣಸೆಹುಳಿ ಹಿಂಡಿ ಸೊಪ್ಪಿನ ಹುಳಿ. ಉಳಿದದ್ದು ಅದೇ ತಪ್ಪಲೆಯಲ್ಲಿ ರಾತ್ರಿಯಿಡೀ. "ಹುಳಿ ಒಂದು ರಾತ್ರಿ ಕಳೆದ್ರೇನೇ ಹುಳಿ" ಎಂದು ವಿಡಿಯೋದಲ್ಲಿ ಹೇಳಿದ್ದಳು. ಸೋಮವಾರ ಬೆಳಿಗ್ಗೆ ಅದನ್ನೇ ಮುದ್ದೆಗೆ ಹಾಕಿ ಎಲ್ಲರಿಗೂ ಬಡಿಸಿದಳು.

ಮೊದಲ ಸೋಮವಾರ ಸೋಮಲಿಂಗಪ್ಪನವರು ವಾಂತಿ ಮಾಡಿಕೊಂಡರು. "ಜಾಸ್ತಿ ಉಂಡ್ರಿ," ಎಂದರು ಬಸವಲಿಂಗಮ್ಮ. ಎರಡನೇ ಸೋಮವಾರ ಮಹಾಂತೇಶ್ ಆಫೀಸಿಗೆ ಹೋಗಲಿಲ್ಲ, ನೀಲು ಸ್ಕೂಲಿಗೆ ಹೋಗಲಿಲ್ಲ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತಿದೆ ಎಂದು ಸಂಗೀತಾ ಪದೇಪದೇ ಉಗುಳಿದಳು. ಡಾಕ್ಟರು, "ಹೊರಗಡೆ ಏನಾದ್ರೂ ತಿಂದ್ರಾ? ನೀರು ಬದಲಾಯ್ತಾ?" ಎಂದರು. ಸಂಪು ತೊಳೆಸಿದರು. ಹಾಲಿನವನನ್ನು ಬದಲಾಯಿಸಿದರು. ಹಾಲಿನವನ ಮುಖ ನೋಡಬೇಕಿತ್ತು.

ಈ ನಡುವೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಡುಗೆಮನೆಯಲ್ಲಿ ತಪ್ಪಲೆಯ ಮುಚ್ಚಳ ತಾನಾಗಿ ಎದ್ದು ಠಣ್ ಎಂದು ಬಿತ್ತು. ಮತ್ತೆ ಎದ್ದಿತು. "ಯಾರೇ ನನ್ನ ತಪ್ಪಲೆ ಮುಟ್ಟಿದ್ದು?" ಮುದುಕಿಯ ದನಿ. ಸಂಗೀತಾ ಕಿರುಚಿ ಲಾಟೀನು ಕೆಡವಿದಳು. ಬಾಗಿಲ ಹಿಂದಿನಿಂದ ದಾರ ಹಿಡಿದುಕೊಂಡು ಸಿರಿ ಹೊರಬಂದಳು, ನಕ್ಕು ನಕ್ಕು ನೆಲಕ್ಕೆ ಕೂತಳು. ಸೋಮಲಿಂಗಪ್ಪ ಬೈದರು, ಆಮೇಲೆ ಅವರೂ ನಕ್ಕರು. ನೀಲು ಮಾತ್ರ ನಗಲಿಲ್ಲ. ಅಂದಿನಿಂದ ತಪ್ಪಲೆಯ ಮುಂದೆ ಹಾಯುವಾಗ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದಳು.

ಮೂರನೇ ಸೋಮವಾರ ಸಿರಿಯೂ ಮಲಗಿದಳು. ಮನೆಯಲ್ಲಿ ಆರು ಜನ, ಐದು ಜನ ಹಾಸಿಗೆಯಲ್ಲಿ. ಬಸವಲಿಂಗಮ್ಮ ಒಬ್ಬರೇ ಓಡಾಡಿ ಗಂಜಿ ಕುಡಿಸಿದರು, ಬಕೆಟ್ ತೊಳೆದರು, ನೆಲ ಒರೆಸಿದರು. ನಾಲ್ಕನೇ ಭಾನುವಾರ ಸಿರಿ ಊಟಕ್ಕೆ ಕೂರಲಿಲ್ಲ. "ಡಯಟ್ ಅತ್ತಿಗೆ. ಹೀರೋಯಿನ್ ಆಗ್ಬೇಕು ಅಂದ್ರೆ ತ್ಯಾಗ ಮಾಡ್ಬೇಕು," ಎಂದು ಬಿಳೇಕಹಳ್ಳಿಯ ಗೆಳತಿಯ ಮನೆಗೆ ಹೋದಳು. ಉಳಿದವರು ಉಂಡರು. ಉಳಿದವರು ಮಲಗಿದರು.

ಆ ವಾರ ಕಮಲಾದೇವಿ ಎಳನೀರು ತೆಗೆದುಕೊಂಡು ಬಂದವಳು ಸಂಗೀತಾಳ ಮಂಚದ ಪಕ್ಕ ಕೂತು ದನಿ ಇಳಿಸಿದಳು. ಬಸವಲಿಂಗಮ್ಮ ಬಾಗಿಲಾಚೆ ಬಟ್ಟೆ ಮಡಚುತ್ತಿದ್ದರು.

"ಸತ್ತೋರ ಸಾಮಾನು, ಸತ್ತೋರ ಕಾಲದ ಸೀರೆ... ಇರ್ಲಿ ಬಿಡು. ಆದ್ರೂ ಒಂದು ಕೇಳ್ತೀನಿ. ಎಲ್ಲರೂ ಮಲಗ್ತೀರ. ನಿಮ್ಮತ್ತೆ ಒಬ್ಬರೇ ಗಟ್ಟಿ ಇದ್ದಾರಲ್ಲ, ಅದ್ಹೇಗೆ?"

"ಅವರು ನಾನು ಮಾಡಿದ್ದು ತಿನ್ನಲ್ಲ ಆಂಟಿ."

"ಅದನ್ನೇ ಕಣಮ್ಮ ನಾನೂ ಹೇಳಿದ್ದು."

ಬಸವಲಿಂಗಮ್ಮ ಮಡಚಿದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದರು.

ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅವರು ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಒಂದು ಚಿಟಿಕೆ ನಾಲಿಗೆಗೂ ಇಡುವುದು ಪದ್ಧತಿ. ಮಗ, ಮಗಳು, ಎಲ್ಲರೂ ಆ ಚಿಟಿಕೆಯಲ್ಲೇ ಬೆಳೆದವರು. ಐದನೇ ವಾರದ ಗುರುವಾರ ನೀಲು ಬಾಯಿ ತೆರೆದು ನಿಂತಿದ್ದಳು. ಸಂಗೀತಾ ಹಿಂದಿನಿಂದ ಬಂದು ಮಗುವನ್ನು ಎಳೆದುಕೊಂಡಳು. ವಿಭೂತಿ ನೆಲಕ್ಕೆ ಬಿತ್ತು.

"ಅವಳ ಬಾಯಿಗೆ ಏನೂ ಹಾಕ್ಬೇಡಿ ಅತ್ತೆ."

"ವಿಭೂತಿ ಕಣೇ."

"ಏನೇ ಆಗಿರ್ಲಿ. ಬೇಡ ಅಂದ್ರೆ ಬೇಡ."

"ಮಹಾಂತೇಶಾ, ಕೇಳಿಸ್ತೇನೋ ಇವಳು ಏನಂದ್ಲು ಅಂತ?"

ಮಹಾಂತೇಶ್ ಶೂ ಲೇಸ್ ಕಟ್ಟುತ್ತಿದ್ದ. ಕಟ್ಟಿದ ಲೇಸನ್ನೇ ಮತ್ತೆ ಕಟ್ಟಿದ. "ಅಮ್ಮ... ಸ್ವಲ್ಪ ದಿನ ದಾವಣಗೆರೆಗೆ ಹೋಗಿ ಬಾ. ಚಿಕ್ಕಮ್ಮನೂ ಕರೀತಿದ್ಲಲ್ಲ. ಮಂಗಳವಾರಕ್ಕೆ ಬಸ್ ಬುಕ್ ಮಾಡಿದ್ದೀನಿ."

"ಬುಕ್ ಮಾಡಿ ಆಯ್ತಾ?"

"ಬೇಜಾರ್ ಮಾಡ್ಕೋಬೇಡ."

"ನನ್ನನ್ನ ಕಳಿಸಿದ್ಮೇಲೆ ನಿಮಗೆಲ್ಲ ವಾಸಿ ಆದ್ರೆ, ನಾನೇ ಅಂತ ಗ್ಯಾರಂಟಿ ಆಗುತ್ತೆ. ಅಲ್ವೇನೋ?"

ಸೋಮಲಿಂಗಪ್ಪ ರೇಡಿಯೋದ ಕಿವಿ ಹಿಂಡಿ ಸೌಂಡ್ ಜಾಸ್ತಿ ಮಾಡಿದರು. ಯಾವ ಮಾತಿಗೂ ಒಂದು ಡೈಲಾಗ್ ಇಟ್ಟುಕೊಂಡಿರುವ ಸಿರಿ ಅವತ್ತು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಗೆರೆ ಗೆರೆಯಾಗಿ ಎಳೆಯುತ್ತ ಕೂತಿದ್ದಳು.

ಆರನೇ ಭಾನುವಾರ ಸಂಗೀತಾ ಹುಳಿಗೆ ಹುಣಸೆಹಣ್ಣು ಜಾಸ್ತಿಯೇ ಹಿಂಡಿದಳು. ಬಾಯಿ ಕೆಟ್ಟಿದೆ, ಹುಳಿ ಮುಂದಿದ್ದರೆ ನಾಲಿಗೆಗೆ ಹಿಡಿಸುತ್ತದೆ ಎಂದಳು. ಸೋಮವಾರ ಬೆಳಿಗ್ಗೆ ನೀಲು ತಿಂದ ಅರ್ಧ ಗಂಟೆಗೆ ಹಸಿರು ಹಸಿರಾಗಿ ಕಾರಿಕೊಂಡಳು. ನಿಲ್ಲಲೇ ಇಲ್ಲ. ಅಪ್ಪನ ಹೆಗಲ ಮೇಲೆ ತಲೆ ನೇತುಹಾಕಿ, "ತಂಗೆವ್ವಜ್ಜಿ ನನ್ನ ಹೊಟ್ಟೇಲಿ ಕೂತಿದ್ದಾಳೆ," ಎಂದಳು. ಆಮೇಲೆ ಮಾತಾಡಲಿಲ್ಲ. ಮಹಾಂತೇಶ್, ಸಂಗೀತಾ, ಸೋಮಲಿಂಗಪ್ಪ ಆಟೋ ಹತ್ತಿದರು. ಬಸವಲಿಂಗಮ್ಮ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಬಂದರು.

"ನೀವು ಬೇಡ," ಎಂದಳು ಸಂಗೀತಾ.

ಆಗ, ನೋಡಿ, ಸಿರಿ ಎಂಟ್ರಿ ಕೊಟ್ಟಳು. ಕಮಲಾದೇವಿ ಕಿಟಕಿಯಲ್ಲಿ, ಆಟೋ ಗೇಟಿನಲ್ಲಿ, ಎಲ್ಲರೂ ನಿಂತಲ್ಲೇ ನಿಂತಿರುವಾಗ ಅಡುಗೆಮನೆಯಿಂದ ತಪ್ಪಲೆ ಎತ್ತಿ ತಂದು ರಸ್ತೆಯ ಮಧ್ಯೆ ಬೋರಲು ಹಾಕಿದಳು. ಎಡಗೈಲಿ ಕೂದಲು ಹಿಂದಕ್ಕೆ ತಳ್ಳಿದಳು. "ವಿಷ ನಮ್ಮಮ್ಮನ ಕೈಯಲ್ಲಿಲ್ಲ! ವಿಷ ಇಲ್ಲಿದೆ!" ಎಂದಳು. ಎಲ್ಲರೂ ಬೆಚ್ಚಿದರು. ಸಂಗೀತಾ ಅತ್ತೆಯ ಕಾಲಿಗೆ ಬಿದ್ದಳು. ಮಹಾಂತೇಶ್ ಬಸ್ಸಿನ ಟಿಕೆಟ್ ಹರಿದ. ಕಮಲಾದೇವಿ ಕಿಟಕಿ ಮುಚ್ಚಿದಳು. ಶುಭಂ.

ಶಿಳ್ಳೆ ಹೊಡೆಯಬೇಡಿ. ಹಾಗಾಗಲಿಲ್ಲ.

ಆಟೋ ಹೋಯಿತು. ಗೇಟಿನಲ್ಲಿ ಇಬ್ಬರೇ ಉಳಿದರು, ಬಸವಲಿಂಗಮ್ಮ ಮತ್ತು ಅವರ ಮಗಳು. ಮಗಳು ಅಂದರೆ ನಾನು. ಸಿರಿ ನಾನೇ.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮಗು ವಾಪಸ್ ಬಂದ್ರೆ ಗಂಜಿ ಬೇಕಾಗುತ್ತೆ. ನನ್ನ ಸ್ಟೀಲ್ ಪಾತ್ರೆ ಇಳಿಸ್ಕೊಡು," ಎಂದು ಆರು ವಾರಗಳ ಮೇಲೆ ಮೊದಲ ಸಲ ಹೊಸ್ತಿಲು ದಾಟಿದಳು. ಒಲೆಯ ಮೇಲಿದ್ದ ತಪ್ಪಲೆಯನ್ನು ಸರಿಸಲು ಹೋಗಿ ಮುಚ್ಚಳ ತೆಗೆದಳು. ಉಳಿದ ಹುಳಿಯನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದಳು. ಒಳಗೆ ಬೆಳ್ಳಿಯ ಬಣ್ಣ ಎಲ್ಲೂ ಇರಲಿಲ್ಲ. ಹಳದಿ ಹಿತ್ತಾಳೆ, ಅಂಚಿನ ಸುತ್ತ ನವಿಲು ಬಣ್ಣದ ಕಿಲುಬು. ಆ ಸೊಟ್ಟ ಉಗುರಿನ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ಬೆರಳನ್ನು ಬೆಳಕಿಗೆ ಹಿಡಿದಳು.

"ಕಲಾಯಿ ಎಲ್ಲಿ ಹಾಕಿಸ್ದೆ ಸಿರಿ?"

ನನಗೆ ನೂರು ಸಿನಿಮಾದ ಡೈಲಾಗ್ ಬಾಯಿಪಾಠ. ಒಂದೂ ಬರಲಿಲ್ಲ.

ಆ ಶುಕ್ರವಾರ ಹೊಸ ಸಿನಿಮಾ ಬಿಡುಗಡೆ ಇತ್ತು, ಬೆಳಗಿನ ಮೊದಲ ಆಟಕ್ಕೆ ಗೆಳತಿಯರು ಕಾಯುತ್ತಿದ್ದರು. ದಾರಿಯಲ್ಲಿ ಪಾತ್ರೆಗೆ ಪಾಲಿಷ್ ಮಾಡುವ ಅಂಗಡಿ ಕಂಡಿತು. "ಒಳಗೂ ಹೊರಗೂ ಚಿನ್ನದ ಥರ ಹೊಳೀಬೇಕು ಅಣ್ಣ," ಎಂದು ಹೇಳಿ ಇಟ್ಟು ಹೋದೆ. ಹಳೆಯ ಕಲಾಯಿ ಅಷ್ಟಿಷ್ಟು ಅಂಟಿಕೊಂಡಿತ್ತು, ಆ ಅಣ್ಣ ಅದನ್ನೂ ಕೆರೆದು ಹೊಳಪು ಕೊಟ್ಟಿದ್ದ. ಕಲಾಯಿ ಎಂದರೆ ಹೇಗಿರುತ್ತದೆಂದು ಅತ್ತಿಗೆಗೆ ಗೊತ್ತಿರಲಿಲ್ಲ. ಅಮ್ಮ ಒಳಗೆ ಬರುವ ಹಾಗಿರಲಿಲ್ಲ, ಅಪ್ಪ ಬಡಿಸಿದ್ದನ್ನು ಉಣ್ಣುವವರೇ ಹೊರತು ಪಾತ್ರೆಯೊಳಗೆ ಬಗ್ಗಿ ನೋಡುವವರಲ್ಲ. ಸಿಕ್ಕಿಬೀಳುವ ಭಯವೇ ಇರಲಿಲ್ಲ, ಅದಕ್ಕೇ ಇನ್ನೂ ಮಜಾ ಅನ್ನಿಸಿತ್ತು.

ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೂರನೇ ಸೋಮವಾರ ನಾನೂ ಮಲಗಿದೆನಲ್ಲ, ಆ ಮಧ್ಯಾಹ್ನ ಫೋನಿನಲ್ಲಿ ಹುಡುಕಿ ನೋಡಿದೆ. ಹಿತ್ತಾಳೆ, ಹುಳಿ, ವಾಂತಿ. ಎಲ್ಲ ಬರೆದಿತ್ತು. ನಾಲ್ಕನೇ ಭಾನುವಾರದ ಡಯಟ್ ಡಯಟ್ ಅಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ತಪ್ಪಲೆಯನ್ನೇ ಎತ್ತಿ ಬಚ್ಚಿಡೋಣ ಅಂದುಕೊಂಡೆ. ಅಷ್ಟರಲ್ಲಿ ಎಲ್ಲರೂ ಅಮ್ಮನ ಕಡೆ ನೋಡಲು ಶುರು ಮಾಡಿದ್ದರು, ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ನಾನು ಬಿಳೇಕಹಳ್ಳಿಯಲ್ಲಿ ಬಿರಿಯಾನಿ ತಿಂದೆ.

ಇದರಲ್ಲಿ ಅರ್ಧವನ್ನೂ ಅಮ್ಮನಿಗೆ ಹೇಳಲಿಲ್ಲ. "ಪಾಲಿಷ್ ಅಂಗಡಿ" ಎಂದೆ, ಅಷ್ಟೇ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಡಯಟ್ಟಿನ ನೆನಪು ಬಂದಿರಬೇಕು. ಆಮೇಲೆ ಫೋನ್ ತೆಗೆದುಕೊಂಡು ಅಣ್ಣನಿಗೆ ಹಚ್ಚಿದಳು.

"ಮಹಾಂತೇಶಾ, ಡಾಕ್ಟ್ರಿಗೆ ಈಗ್ಲೇ ಹೇಳು. ಹಿತ್ತಾಳೆ ಕಿಲುಬು ಹೊಟ್ಟೆಗೆ ಹೋಗಿದೆ ಅಂತ. ಹೂಂ. ತಪ್ಪಲೇಗೆ ಕಲಾಯಿ ಹಾಕಿಸಿಲ್ಲ."

ಆ ಕಡೆಯಿಂದ ಅಣ್ಣ ಕೂಗಿದ್ದು ನನಗೂ ಕೇಳಿಸಿತು. "ಸಿರಿ ಹಾಕಿಸ್ಕೊಂಡು ಬಂದ್ಲಲ್ಲ?"

ಅಮ್ಮ ಕಣ್ಣು ಮುಚ್ಚಿದಳು. "ಇಲ್ಲ. ಅವಳು ಹೊರಟಿದ್ಲು, ಕಲಾಯಿ ಬೇಡ, ಬರೀ ಪಾಲಿಷ್ ಸಾಕು ಅಂತ ನಾನೇ ಅಂದೆ. ನಿನ್ನ ಹೆಂಡ್ತಿಗೆ ಬುದ್ಧಿ ಬರ್ಲಿ ಅಂತ. ಹಠಕ್ಕೆ ಮಾಡ್ದೆ ಕಣೋ."

ಫೋನ್ ಆ ಕಡೆ ಕಟ್ ಆಯಿತು. ಅಮ್ಮ ತಪ್ಪಲೆಯ ಹುಳಿ ಚೆಲ್ಲಿ, ಹುಣಸೆಹಣ್ಣು ತೆಗೆದುಕೊಂಡು ಉಜ್ಜತೊಡಗಿದಳು. "ನಾನ್ ಮಾಡ್ತೀನಿ ಕೊಡಮ್ಮ," ಎಂದೆ. ಕೊಡಲಿಲ್ಲ.

ನೀಲು ನಾಲ್ಕು ದಿನಕ್ಕೆ ಎದ್ದು ಕೂತಳು. ಅಮ್ಮ ಅದನ್ನು ನೋಡಲಿಲ್ಲ, ಮಂಗಳವಾರದ ಬಸ್ಸಿಗೇ ಹೋಗಿದ್ದಳು. ಬಿಡಲು ಹೋದದ್ದು ನಾನೊಬ್ಬಳೇ. ಬಸ್ ಹೊರಡುವಾಗ ಕಿಟಕಿಯಿಂದ ಕೈ ಚಾಚಿ ವಿಭೂತಿ ಗಟ್ಟಿ ನನ್ನ ಕೈಗಿಟ್ಟಳು. "ಮಗೂಗೆ ದಿನಾ ಇಡು. ನೀನಾದ್ರೆ ಸಂಗೀತಾ ಬೇಡ ಅನ್ನಲ್ಲ."

ಆರು ತಿಂಗಳಾಯಿತು. ಅಮ್ಮ ಇನ್ನೂ ದಾವಣಗೆರೆಯಲ್ಲೇ ಇದ್ದಾಳೆ. ಇಲ್ಲಿ ಯಾರೂ ಬಾ ಅಂದಿಲ್ಲ. ಸ್ಟೀಲ್ ಪಾತ್ರೆಗಳು ಅಟ್ಟದಿಂದ ಇಳಿದಿವೆ. ಅತ್ತಿಗೆ ವಿಡಿಯೋ ಹಾಕುವುದು ಬಿಟ್ಟು ಚೂಡಿದಾರ ಹಾಕುತ್ತಾಳೆ. ದಿನಾ ಬೆಳಿಗ್ಗೆ ನೀಲು ನನ್ನ ಮುಂದೆ ಬಂದು ಬಾಯಿ ತೆರೆದು ನಿಲ್ಲುತ್ತಾಳೆ, ನಾನು ಚಿಟಿಕೆ ಇಡುತ್ತೇನೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, "ನಿನ್ನ ಕೈಯಿಂದಾದ್ರೆ ನನಗೆ ಭಯ ಇಲ್ಲ ಸಿರಿ," ಎನ್ನುತ್ತಾಳೆ.

ಅರಳಿಮರ, ಕೆಂಪು ಬಲಗಣ್ಣು, ಬಿಳಿ ಹೊಗೆ, ಮರ್ಯಾದೆ ಹೋದ ಮನೆಯ ಡೈಲಾಗು, ಅವೆಲ್ಲ ನಾನು ಕಟ್ಟಿದ್ದು. ಯಲ್ಲಯ್ಯ ಎನ್ನುವವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.